ಕುಲಾವಿ ಇಲ್ಲದ ಮೂರು ದಿನ

…ಅಲ್ಲ, ಫ್ರಿಜ್ಜಿನಲ್ಲಿ ಇಟ್ಟಿದ್ರು ಅಂತ ನಿಮ್ಮಜ್ಜಿ ಹೇಳೋದು ಸುಳ್ಳು. ಅಂದ್ರೆ, ಪೂರ್ತಿ ಸುಳ್ಳಲ್ಲ, ಅರ್ಧ ಸುಳ್ಳು. ಫ್ರಿಜ್ಜಿನಲ್ಲಿ ಇಟ್ಟಿದ್ದದ್ದು ತಣ್ಣನೆ ಪ್ಯಾಕುಗಳನ್ನ. ಆ ಪ್ಯಾಕುಗಳ ನಡುವೆ ಇಟ್ಟಿದ್ದದ್ದು ನಮ್ಮ ನಿಧೀನ. ಬನ್ನಿ, ಗ್ಯಾಲರಿಗೆ ಬನ್ನಿ, ಅಜ್ಜಿ ಒಳಗೆ ಮಲಗಿದಾರೆ. ಕೇಳಿಸ್ಕೊಂಡ್ರೆ ಎದ್ದು ಬಂದು ತಿದ್ದಕ್ಕೆ ಶುರು ಮಾಡ್ತಾರೆ, ಆಮೇಲೆ ಇದು ಅವರ ಕತೆಯಾಗತ್ತೆ, ನಂದಾಗಿ ಉಳಿಯಲ್ಲ. ಸಾನ್ವಿ, ನೀನು ಆ ಕುರ್ಚಿ ಎಳ್ಕೊ. ಅದ್ವೈತ, ಫೋನ್ ಕೆಳಗಿಡೋ. ಏನು, "ಮಾವ, ಸ್ಟೋರಿ ಲಂಬೀ ಹೈ ಕ್ಯಾ"? ಲಂಬೀನೇ, ಉದ್ದಾನೇ. ನಿಮ್ಮಪ್ಪ ಐರೋಲಿಯಿಂದ ಬಂದು ನಿಮ್ಮಿಬ್ಬರನ್ನ ಕರ್ಕೊಂಡು ಹೋಗೋವರೆಗೂ ಬರುತ್ತೆ. ನಿಧೀ, ನೀನು ಬೇಕಾದ್ರೆ ಕೂತ್ಕೊ, ಆದ್ರೆ ನಡುವೆ ಬಾಯಿ ಹಾಕಬೇಡ. ನೀನಾಗ ಇದ್ದೆ ನಿಜ, ಆದ್ರೆ ನಿನಗೇನೂ ನೆನಪಿಲ್ಲ.

ಎರಡು ಸಾವಿರದ ಹನ್ನೆರಡು, ಮೇ ತಿಂಗಳು. ಡೊಂಬಿವಲಿಯ ಮೇ ತಿಂಗಳು ಗೊತ್ತಲ್ಲ, ಗೋಡೆ ಮುಟ್ಟಿದ್ರೆ ಗೋಡೆಗೇ ಜ್ವರ ಬಂದ ಹಾಗಿರುತ್ತೆ. ನಾನಾಗ ತುರ್ಭೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಎಂಜಿನಿಯರು. ಈಗಲೂ ಅಲ್ಲೇ ಇದೀನಿ, ಆದ್ರೆ ಆಗ ನನ್ನ ಮೇಲೆ ನನಗೆ ಬಹಳ ನಂಬಿಕೆ ಇತ್ತು. ಬಟಾಣಿ, ಸೀಗಡಿ, ಐಸ್ ಕ್ರೀಮು, ಯಾವುದು ಎಷ್ಟು ತಣ್ಣಗಿರಬೇಕು ಅಂತ ಕೇಳಿದ್ರೆ ಪಟ್ಟಂತ ಹೇಳ್ತಿದ್ದೆ. ಬಾಣಂತನಕ್ಕೆ ಅಂತ ಮೈಸೂರಿಂದ ಬಂದಿದ್ದ ನಿಮ್ಮಜ್ಜಿಗೆ ಮಾತ್ರ ಅದೊಂದು ಕೆಲಸ ಅಂತ ಅನ್ನಿಸಿರಲಿಲ್ಲ. ಊರಿಂದ ಫೋನ್ ಬಂದ್ರೆ "ನಮ್ಮ ಅಳಿಯಂದಿರು ಐಸ್ ಫ್ಯಾಕ್ಟರೀಲಿದಾರೆ" ಅನ್ನೋರು. ನಾನು ತಿದ್ದಕ್ಕೆ ಹೋಗ್ಲಿಲ್ಲ. ಅವರು ಬರೋವಾಗ ಒಂದು ಟ್ರಂಕು ತಂದಿದ್ರು, ಅದರ ತುಂಬ ಬರೀ ಬಿಸಿ. ಅಂದ್ರೆ, ಬಿಸಿ ಮಾಡೋ ಸಾಮಾನು. ಸಾಂಬ್ರಾಣಿ, ಅದನ್ನ ಹಾಕಕ್ಕೆ ಅಗ್ಗಿಷ್ಟಿಕೆ, ಮಗು ಸುತ್ತಕ್ಕೆ ಹಳೇ ಹತ್ತಿ ಸೀರೆ, ಹರಳೆಣ್ಣೆ, ಬಜೆ, ಕೈಯಲ್ಲೇ ಹೆಣೆದ ಉಣ್ಣೆಯ ಕುಲಾವಿಗಳು. ಕುಲಾವಿ ಗೊತ್ತಲ್ಲ, ಕಿವಿ ಮುಚ್ಚೋ ಹಾಗೆ ಗಲ್ಲದ ಕೆಳಗೆ ದಾರ ಕಟ್ಟೋ ಟೋಪಿ. "ಅಮ್ಮ, ಇದು ಮೇ ತಿಂಗಳು, ಇಲ್ಲಿ ತಣ್ಣೀರಿನ ನಲ್ಲೀಲೇ ಬಿಸಿನೀರು ಬರುತ್ತೆ" ಅಂದೆ. "ಮೇ ತಿಂಗಳು ಅಂತ ಮಗೂಗೆ ಗೊತ್ತಿರತ್ತಾ ಅಳಿಯಂದ್ರೇ?" ಅಂದ್ರು. ಅವರ ಲೆಕ್ಕದಲ್ಲಿ ಹುಟ್ಟಿದ ಮಗೂಗೆ ಇರೋದು ಒಂದೇ ಶತ್ರು, ಅದು ಶೀತ. ಆ ಶತ್ರುವಿನ ಹತ್ತಿರ ಸಂಬಳ ತಗೊಳ್ಳೋನು ನಾನು.

ಹೆರಿಗೆ ನಮ್ಮ ಮನೆ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ನಿಮ್ಮ ಜಯಾ ಅತ್ತೆ ಬೆಳಿಗ್ಗೆ ಒಳಗೆ ಹೋದ್ಲು. ಬಾಗಿಲ ಹೊರಗೆ ನಿಂತೋರು ಕಾಯೋದು ಒಂದೇ ಸದ್ದಿಗೆ ಅಲ್ವಾ? ಆ ಸದ್ದು ಬರಲಿಲ್ಲ. ಡಾಕ್ಟರಮ್ಮ ಯಾರಿಗೋ ಜೋರಾಗಿ ಹೇಳೋದು ಕೇಳಿಸ್ತು, ಟ್ರೇ ಬಿದ್ದ ಸದ್ದು ಕೇಳಿಸ್ತು, ಮಗು ಅಳೋದು ಮಾತ್ರ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬೆಕ್ಕಿನ ಮರಿ ನರಳಿದ ಹಾಗೆ ಒಂದು ಸಣ್ಣ ದನಿ. ನಿಮ್ಮಜ್ಜಿ "ಅತ್ತಿತು, ಅತ್ತಿತು" ಅಂತ ನನ್ನ ತೋಳು ಹಿಡ್ಕೊಂಡ್ರು. ಅದು ಅಳು ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಬಿಗಿಯಾಗಿ ಸುತ್ಕೊಂಡಿತ್ತಂತೆ. ಬಾಯಿ ಮೇಲೆ ಮಾಸ್ಕ್ ಇಟ್ಟು, ಬಲೂನಿನಂಥ ಚೀಲ ಒತ್ತಿ ಒತ್ತಿ ಉಸಿರು ಬರಿಸಿದ್ರಂತೆ. ಮಕ್ಕಳ ಡಾಕ್ಟರು ಸ್ಕೂಟರಿನಲ್ಲಿ ಓಡಿ ಬಂದ್ರು, ಹೆಲ್ಮೆಟ್ ಕೈಯಲ್ಲೇ ಇತ್ತು. ಮಗೂನ ಕೈ ಎತ್ತಿ ಬಿಟ್ರು. ಕೈ ಸುಮ್ಮನೆ ಬಿತ್ತು, ಒದ್ದೆ ಬಟ್ಟೆ ಬಿದ್ದ ಹಾಗೆ. "ಮಿದುಳಿಗೆ ಸ್ವಲ್ಪ ಹೊತ್ತು ಆಕ್ಸಿಜನ್ ಸಿಕ್ಕಿಲ್ಲ" ಅಂದ್ರು. ಎಷ್ಟು ಹೊತ್ತು? "ಗೊತ್ತಿಲ್ಲ." ಸರಿಹೋಗತ್ತಾ? "ಗೊತ್ತಿಲ್ಲ. ಅಭೀ ಕೋಯೀ ನಹೀಂ ಬತಾ ಸಕ್ತಾ, ಈಗಲೇ ಯಾರೂ ಹೇಳಕ್ಕಾಗಲ್ಲ." ನನಗೆ ಸಿಟ್ಟು ಬಂತು ನೋಡಿ. ನಮ್ಮಲ್ಲಿ ಸೀಗಡಿ ತಂದ ಲಾರಿ ಡ್ರೈವರು ದಾರೀಲಿ ಎಷ್ಟು ಟೆಂಪರೇಚರ್ ಇತ್ತೋ ಗೊತ್ತಿಲ್ಲ ಅಂದ್ರೆ ಲಾರಿ ವಾಪಸ್ ಕಳಿಸ್ತೀವಿ. ಈ ಡಾಕ್ಟರನ್ನ ಎಲ್ಲಿಗೆ ಕಳಿಸೋದು?

ಅವರು ಇನ್ನೊಂದು ಮಾತು ಹೇಳಿದ್ರು. ಠಾಣೆಯ ದೊಡ್ಡ ಆಸ್ಪತ್ರೇಲಿ ಇಂಥ ಮಕ್ಕಳನ್ನ ಮೂರು ದಿನ ತಣ್ಣಗಿಡ್ತಾರೆ, ಮಿದುಳು ಉಳಿಯೋ ಸಾಧ್ಯತೆ ಇರತ್ತೆ, ಆದ್ರೆ ಹುಟ್ಟಿ ಆರು ಗಂಟೆಯೊಳಗೆ ಶುರು ಮಾಡಬೇಕು. ಹಾಗಂದು, ಮಗೂನ ಮೇಲೆ ಉರೀತಿದ್ದ ದೀಪ ಆರಿಸಿಬಿಟ್ರು. ಬಿಸಿ ಕೊಡೋ ದೀಪ ಅದು. ಸುತ್ತಿದ್ದ ಬಟ್ಟೆ ತೆಗಿಸಿದ್ರು. ನಿಮ್ಮಜ್ಜಿಗೆ ಹಿಂದಿ ಬರಲ್ಲ, ಆದ್ರೆ ಇದಕ್ಕೆ ಹಿಂದಿ ಬೇಕಾಗಿರಲಿಲ್ಲ. "ಏನ್ರೀ ಇದು! ಕೋಳಿಮರಿಗೂ ಬಲ್ಬ್ ಹಾಕ್ತಾರಲ್ರೀ!" ಅಂದ್ರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದ್ರು. "ಇದು ನೀವು ಹೇಳಿಕೊಟ್ಟಿದ್ದಾ?"

ಆಂಬುಲೆನ್ಸು. ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ಹೋದ್ರೆ ಪೇಪರ್ ಓದಿ ಮುಗಿಯೋದ್ರೊಳಗೆ ಬಂದುಬಿಡತ್ತೆ. ಆಂಬುಲೆನ್ಸ್ ರೈಲಿನ ಮೇಲೆ ಹೋಗಲ್ಲ ನೋಡಿ, ಅದು ಶೀಳ್‌ಫಾಟಾ ಸುತ್ತಿ ಮುಂಬ್ರಾ ಬೈಪಾಸಿಗೆ ಬಂತು, ಬಂದು ನಿಂತ್ಕೊಂಡ್ತು. ಮುಂದೆ ಕಂಟೇನರು, ಹಿಂದೆ ಕಂಟೇನರು. ಗುಡ್ಡದ ಮೇಲಿನ ರಸ್ತೆ ಅದು, ಕೆಳಗೆ ರೈಲು ಹಳಿ ಕಾಣತ್ತೆ. ಒಂದಾದ ಮೇಲೊಂದು ಲೋಕಲ್ ಠಾಣೆ ಕಡೆ ಹೋಗ್ತಾನೇ ಇವೆ. ಬಾಗಿಲಲ್ಲಿ ನೇತಾಡೋರು ಗಾಳಿಗೆ ತಲೆ ಕೊಟ್ಕೊಂಡು ಹಾಯಾಗಿ ಹೋಗ್ತಿದಾರೆ. ಒಳಗೆ ಮಗೂನ ಜೊತೆ ಇದ್ದ ಸಿಸ್ಟರ್, "ಎಸಿ ಫುಲ್ ಮಾಡಿ" ಅಂತ ಡ್ರೈವರಿಗೆ ಹೇಳ್ತಾರೆ, ಎದುರಿಗೆ ಕೂತ ನಿಮ್ಮಜ್ಜಿ ಸೆರಗನ್ನ ಮಗೂನ ಮೇಲೆ ಎಳೀತಾರೆ. ಸಿಸ್ಟರ್ ಸೆರಗು ತೆಗೀತಾರೆ, ಅಜ್ಜಿ ಮತ್ತೆ ಎಳೀತಾರೆ. ಠಾಣೆವರೆಗೂ ಇದೇ ನಡೀತು. ಹೇಗೋ, ಹೊತ್ತಿಗೆ ಸರಿಯಾಗಿ ತಲುಪಿದ್ವಿ ಅನ್ನಿ.

ಅಲ್ಲಿ ಮಕ್ಕಳ ಐಸಿಯು. ಸಾಲಾಗಿ ತೊಟ್ಟಿಲುಗಳು. ದಿನ ತುಂಬದೆ ಹುಟ್ಟಿದ ಮಕ್ಕಳು, ಅಂಗೈಯಷ್ಟು ಅಂಗೈಯಷ್ಟು. ಎಲ್ಲಕ್ಕೂ ಬಿಸಿ ದೀಪ, ಎಲ್ಲಕ್ಕೂ ತಲೆಗೆ ಟೋಪಿ. ನಮ್ಮದೊಂದು ಮಾತ್ರ ಬರೀ ಮೈ, ಬರೀ ತಲೆ, ಸುತ್ತ ತಣ್ಣನೆ ಜೆಲ್ ಪ್ಯಾಕು. ಗಾಜಿನಾಚೆಯಿಂದ ಇದನ್ನ ನೋಡಿದ ನಿಮ್ಮಜ್ಜಿ ಏನಂದ್ರು ಗೊತ್ತಾ? "ನಾವು ಕನ್ನಡದೋರು ಅಂತ ಹೀಗೆ ಮಾಡ್ತಿದಾರೆ." ನಾನು, ಇಲ್ಲಮ್ಮ, ಆ ಮಕ್ಕಳ ಕಾಯಿಲೆ ಬೇರೆ, ಅವಕ್ಕೆ ಶೀತವೇ ವಿಷ, ನಮ್ಮ ಮಗೂಗೆ ಈಗ ಬಿಸಿ ವಿಷ ಅಂದೆ. "ಒಂದೇ ಕೋಣೇಲಿ ಎರಡು ನ್ಯಾಯವಾ?" ಅಂದ್ರು. ಎರಡು ನ್ಯಾಯವೇ. ಅದನ್ನ ನನಗೆ ಅಲ್ಲಿನ ದೊಡ್ಡ ಡಾಕ್ಟರು, ಒಬ್ಬ ಮರಾಠಿ ಮೇಡಂ, ಸಮಾಧಾನವಾಗಿ ಹೇಳಿದ್ರು. ಉಸಿರು ನಿಂತಾಗ ಮಿದುಳಿನ ಕೆಲವು ಜೀವಕಣಗಳು ಆಗಲೇ ಸತ್ತುಹೋಗಿರ್ತವೆ, ಅವನ್ನ ಯಾರೂ ತರಕ್ಕಾಗಲ್ಲ. ಮಿಕ್ಕವು ಉಸಿರು ಬಂದ ಮೇಲೆ ಚೇತರಿಸ್ಕೊಂಡ ಹಾಗೆ ಕಾಣ್ತವೆ. ಆದ್ರೆ ಕೆಲವು ಗಂಟೆ ಕಳೆದ ಮೇಲೆ ಅವೂ ಒಂದೊಂದಾಗಿ ಕೈಬಿಡಕ್ಕೆ ಶುರು ಮಾಡ್ತವೆ. ಈ ಎರಡರ ನಡುವೆ ಇರೋ ಸ್ವಲ್ಪ ಹೊತ್ತಿನಲ್ಲಿ ಮೈ ತಣ್ಣಗೆ ಮಾಡಿದ್ರೆ ಮಿದುಳಿನ ಹಸಿವು ಕಮ್ಮಿ ಆಗತ್ತೆ, ಎಷ್ಟೋ ಕಣ ಉಳಿಯಬಹುದು. ಜ್ವರ ಬಂದ್ರೆ ಉಲ್ಟಾ, ಇನ್ನೂ ಹೆಚ್ಚು ಸಾಯ್ತವೆ. ಮೂವತ್ಮೂರೂವರೆ ಡಿಗ್ರೀಲಿ ಇಡ್ತೀವಿ, ಮೂರು ದಿನ ಅಂದ್ರು. ನಿಜ ಹೇಳ್ತೀನಿ, ಆ ಡಿಗ್ರಿ ಕೇಳಿ ನನಗೆ ಧೈರ್ಯ ಬಂತು. ಅಲ್ಲೀವರೆಗೆ ಎಲ್ಲರೂ ದೇವರು, ದಿಂಡರು, ಗೊತ್ತಿಲ್ಲ ಅಂತಿದ್ರು. ಇದೊಂದು ನನ್ನ ಭಾಷೇಲಿತ್ತು.

ಮಧ್ಯಾಹ್ನ ಜಯಾ ಡೊಂಬಿವಲಿಯಿಂದ ಫೋನ್ ಮಾಡಿದ್ಲು. ಅವಳಿನ್ನೂ ಅಲ್ಲೇ ಮಲಗಿದ್ಲು, ಮಗೂನ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. "ಮಗು ಬೆಚ್ಚಗಿದೆಯೇನ್ರೀ?" ಅಂದ್ಲು. ನಾನು ಏನು ಹೇಳ್ಲಿ? "ಇಲ್ಲ ಜಯಾ, ಚೆನ್ನಾಗಿ ತಣ್ಣಗಿದೆ" ಅಂದೆ. ಆಮೇಲೆ "ಅಮ್ಮಂಗೆ ಹೇಳಬೇಡಿ" ಅಂದ್ಲು. ಅಮ್ಮ ಆಗಲೇ ಗಾಜಿನ ಮುಂದೆ ನಿಂತು ನೋಡ್ತಿದ್ರು.

ಮಗ್ ಕಾಯ್ ಝಾಲಂ, ಆಮೇಲೇನಾಯ್ತು ಅಂತೀಯಾ ಸಾನ್ವಿ? ಮಾರನೇ ದಿನ ಆಗಿದ್ದೇ ಅಸಲು ಕತೆ. ಆ ಐಸಿಯುನಲ್ಲಿ ದಿನಕ್ಕೊಂದು ಸಲ ಅಜ್ಜಿ ಒಳಗೆ ಹೋಗಿ ಮಗೂನ ಮುಟ್ಟಬಹುದು, ಗೌನ್ ಹಾಕ್ಕೊಂಡು, ಕೈ ತೊಳ್ಕೊಂಡು. ನಿಮ್ಮಜ್ಜಿ ಹೋದ್ರು. ಹೊರಗೆ ಬಂದಾಗ ಮುಖದಲ್ಲಿ ಒಂಥರಾ ಶಾಂತಿ. ಪರವಾಗಿಲ್ಲ, ಮೊಮ್ಮಗಳನ್ನ ಮುಟ್ಟಿ ಮನಸ್ಸು ಹಗುರ ಆಯ್ತು ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಒಳಗಿನ ಮಷೀನು ಕೂಗಕ್ಕೆ ಶುರು ಮಾಡ್ತು. ಮಗೂನ ಟೆಂಪರೇಚರ್ ಏರ್ತಾ ಇದೆ. ಸಿಸ್ಟರ್ ಪ್ಯಾಕು ಬದಲಾಯಿಸಿದ್ರು, ಇಳೀಲಿಲ್ಲ. ಮೇಡಂ ಬಂದ್ರು, ಎಸಿ ಸರಿ ಇದೆಯಾ ನೋಡಿ ಅಂದ್ರು. ನನಗೆ ತಡೆಯಕ್ಕಾಗಲಿಲ್ಲ, "ಮೇಡಂ, ನಾನು ರೆಫ್ರಿಜರೇಶನ್ ಎಂಜಿನಿಯರ್" ಅಂತ ಗೌನ್ ಹಾಕ್ಕೊಂಡು ಒಳಗೆ ಹೋದೆ. ಎಸಿಯ ಗಾಳಿ ಬರೋ ಜಾಗಕ್ಕೆ ಕೈ ಒಡ್ಡಿದೆ, ಬಾಗಿಲಿನ ರಬ್ಬರ್ ನೋಡಿದೆ, ಪರದೆ ಸಂದೀಲಿ ಬಿಸಿಲು ಬೀಳ್ತಿದೆಯಾ ನೋಡಿದೆ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಏಣಿ ತಂದ. ಇಬ್ಬರೂ ಮೇಲೆ ನೋಡ್ಕೊಂಡು ಗಂಭೀರವಾಗಿ ಚರ್ಚೆ ಮಾಡ್ತಾ ಇದೀವಿ, ಗ್ಯಾಸ್ ಕಮ್ಮಿ ಇರಬಹುದು, ಫಿಲ್ಟರ್ ಕಟ್ಟಿರಬಹುದು ಅಂತ. ಮೇಡಂ ಒಬ್ಬರು ಕೆಳಗೆ ನೋಡಿದ್ರು. "ಯೇ ಟೋಪಿ ಕಿಸನೇ ಪಹನಾಯೀ?" ಟೋಪಿ ಹಾಕಿದ್ದು ಯಾರು ಅಂತ.

ತಲೆ ಮೇಲೆ ಕುಲಾವಿ! ದಪ್ಪ ಉಣ್ಣೇದು, ಹಸಿರು ಬಣ್ಣ, ಗಲ್ಲದ ಕೆಳಗೆ ಅಚ್ಚುಕಟ್ಟಾಗಿ ಗಂಟು ಹಾಕಿದೆ. ಮಿದುಳು ತಣ್ಣಗಿರಲಿ ಅಂತ ಇಷ್ಟೆಲ್ಲ ಮಾಡಿ, ಆ ಮಿದುಳಿಗೇ ಸ್ವೆಟರ್ ಹಾಕಿದ ಹಾಗಾಯ್ತು. ಪಾಪ, ಆಗಷ್ಟೇ ಡ್ಯೂಟಿಗೆ ಬಂದಿದ್ದ ಕೇರಳದ ಸಿಸ್ಟರ್, "ಮೇಡಂ, ಸಬ್ ಬೇಬೀ ಕೋ ಟೋಪಿ ಹೈ ನಾ" ಅಂದ್ರು. ಅವರದ್ದೇನು ತಪ್ಪು? ಅಲ್ಲಿ ಟೋಪಿ ಇಲ್ಲದ ಮಗೂನೇ ವಿಚಿತ್ರ. ನಾನು ಗಾಜಿನಾಚೆ ನೋಡಿದೆ. ನಿಮ್ಮಜ್ಜಿ ಬೆಂಚಿನ ಮೇಲೆ ನೆಟ್ಟಗೆ ಕೂತಿದಾರೆ. ಮೇಡಂ ಕುಲಾವಿ ಹಿಡ್ಕೊಂಡು ಹೊರಗೆ ಬಂದ್ರು. ಯಾರು ಅಂತ ಕೇಳೋ ಮೊದಲೇ ಅಜ್ಜಿ ಎದ್ದು ನಿಂತು ಕನ್ನಡದಲ್ಲಿ, "ನಾನೇ ಕಣಮ್ಮ ಹಾಕಿದ್ದು. ಮಗು ಅನಾಥ ಅಲ್ಲ, ಅಜ್ಜಿ ಇದಾಳೆ ಅಂತ ತಿಳ್ಕೊ" ಅಂದ್ರು. ಮೇಡಂ ನನ್ನ ಕಡೆ ನೋಡಿದ್ರು. ನಾನು ಹಿಂದೀಲಿ, "ಸಾರೀ ಬೋಲ್ ರಹೀ ಹೈಂ" ಅಂದೆ, ಕ್ಷಮೆ ಕೇಳ್ತಿದಾರೆ ಅಂತ. ಮೇಡಂಗೆ ಕನ್ನಡ ಬರಲ್ಲ, ಆದ್ರೆ ಅವರ ಮನೇಲೂ ಒಬ್ಬರು ಅಜ್ಜಿ ಇದ್ದಿರಬೇಕು, ನನ್ನ ಅನುವಾದ ನಂಬಲಿಲ್ಲ. "ಇದರಿಂದ ಏನಾದ್ರೂ ಆಗಿರತ್ತಾ?" ಅಂತ ಕೇಳಿದೆ. "ಸ್ವಲ್ಪ ಹೊತ್ತು ತಾನೇ, ಆಗಿರಲಿಕ್ಕಿಲ್ಲ. ಪತಾ ನಹೀಂ." ಮತ್ತೆ ಅದೇ ಮಾತು, ಗೊತ್ತಿಲ್ಲ.

ಇನ್ನೂ ಎರಡು ದಿನ ಈ ಹೆಂಗಸನ್ನ ಹೊರಗೆ ತಡೆದಿಡೋದು ನನ್ನ ಕೈಲಾಗೋ ಕೆಲಸ ಅಲ್ಲ, ಅರ್ಥ ಮಾಡಿಸಲೇಬೇಕು ಅಂತ ಕೂತೆ. ಮೊದಲು ನನ್ನ ಕಸುಬಿನ ಮಾತಲ್ಲಿ ಹೇಳಿದೆ. "ಅಮ್ಮ, ಹಸಿ ಬಟಾಣಿ ಇರತ್ತಲ್ಲ, ಕಿತ್ತು ಮೂಟೆ ಕಟ್ಟಿದ ಮೇಲೂ ಅದು ಒಳಗೊಳಗೇ ಉಸಿರಾಡ್ತಾ ಬಿಸಿ ಆಗ್ತಿರತ್ತೆ, ಬೇಗ ತಣ್ಣಗೆ ಮಾಡದಿದ್ರೆ…" ಅವರು ಮುಗಿಸಕ್ಕೇ ಬಿಡಲಿಲ್ಲ. "ನನ್ನ ಮೊಮ್ಮಗಳು ಬಟಾಣೀನಾ?" ಅಲ್ಲ. ಸೀಗಡಿ ಹೇಳೋಣ ಅಂದ್ಕೊಂಡೆ, ಅವರು ಶುದ್ಧ ಸಸ್ಯಾಹಾರಿ, ಬಿಟ್ಟೆ. ಕೊನೆಗೆ ಏನೋ ಹೊಳೀತು. "ಅಮ್ಮ, ಹಾಲು ಉಕ್ಕಿ ಬಂದಾಗ ಗ್ಯಾಸ್ ಆರಿಸ್ತೀರಲ್ಲ. ಆರಿಸಿದ ಮೇಲೂ ಉಕ್ಕತ್ತಾ ಇಲ್ವಾ?" "ಉಕ್ಕದೆ ಏನು, ಪಾತ್ರೆ ಕಾದಿರತ್ತಲ್ಲ." "ಆಗೇನು ಮಾಡ್ತೀರಿ?" "ಪಾತ್ರೇನ ತಣ್ಣೀರಲ್ಲಿ ಇಳಿಸ್ತೀನಿ." "ಇವರೂ ಅದನ್ನೇ ಮಾಡ್ತಿದಾರೆ. ಉರಿ ಆರಿದೆ, ಆದ್ರೆ ಒಳಗೆ ಇನ್ನೂ ಉಕ್ಕತ್ತೆ. ಚೆಲ್ಲೋದ್ರೊಳಗೆ ಇಳಿಸ್ಬೇಕು." ಅಜ್ಜಿ ಗಾಜಿನ ಕಡೆ ನೋಡ್ತಾ ಕೂತ್ರು. ಕಣ್ಣಲ್ಲಿ ನೀರು ಬಂತು, ಸೆರಗಲ್ಲಿ ಒರೆಸ್ಕೊಂಡ್ರು. ಆಮೇಲೆ ನನಗೇ ಬೈದ್ರು, "ಹಂಗಂತ ಮೊದಲೇ ಹೇಳಬಾರದಿತ್ತಾ? ಬಟಾಣಿ ಅಂತೆ, ಬಟಾಣಿ!"

ಅರ್ಥ ಮಾಡಿಸಿದ್ದೇ ನನ್ನ ತಪ್ಪಾಯ್ತು ನೋಡಿ. ಅವತ್ತಿಂದ ಅವರು ಶೀತದ ಪಕ್ಷ ಸೇರಿಬಿಟ್ರು. ಗಾಜಿಗೆ ಮುಖ ಒತ್ತಿ, ಪ್ಯಾಕು ಬದಲಾಯಿಸಕ್ಕೆ ಸಿಸ್ಟರ್ ತಡ ಮಾಡಿದ್ರೆ ಗಾಜು ತಟ್ಟೋರು. ಬದಲಾಪುರದಿಂದ ಒಬ್ಬರು ಅಜ್ಜಿ ಬಂದಿದ್ರು, ಅವರ ಮೊಮ್ಮಗ ದಿನ ತುಂಬದೆ ಹುಟ್ಟಿದ್ದ, ಬಿಸಿ ಬೇಕೇ ಬೇಕಾದ ಮಗು. ನಿಮ್ಮಜ್ಜಿ ಅವರ ಪಕ್ಕ ಕೂತು, ಎರಡೇ ದಿನದಲ್ಲಿ ಕಲಿತ ಹಿಂದೀಲಿ, "ಟೋಪಿ ನಿಕಾಲೋ. ಠಂಡಾ ಅಚ್ಛಾ. ಬ್ರೇನ್ ಕೋ ಅಚ್ಛಾ. ಮೇರಾ ದಾಮಾದ್ ಎಂಜಿನಿಯರ್" ಅಂತ ಉಪದೇಶ ಮಾಡ್ತಿದಾರೆ. ಆಯುಷ್ಯದಲ್ಲಿ ಮೊದಲನೇ ಸಲ ನನ್ನನ್ನ ಎಂಜಿನಿಯರ್ ಅಂದಿದ್ದು, ಅದೂ ಹಿಂದೀಲಿ. ಆ ಅಜ್ಜಿ ಹೆದರ್ಕೊಂಡು ಸಿಸ್ಟರ್ ಹತ್ತಿರ ಓಡಿದ್ರು, ನಮ್ಮ ಮಗೂನ ಟೋಪಿ ತೆಗೀರಿ ಅಂತ. ಸಿಸ್ಟರ್ ಬಂದು ನಮ್ಮಿಬ್ಬರಿಗೂ ಕೈಮುಗಿದ್ರು. ನನಗ್ಯಾಕೆ ಮುಗಿದ್ರೋ ಗೊತ್ತಿಲ್ಲ.

ಮೂರು ದಿನ ಆಯ್ತು, ಇನ್ನು ಮೆಲ್ಲಗೆ ಬೆಚ್ಚಗೆ ಮಾಡ್ತೀವಿ ಅಂದ್ರು ಮೇಡಂ. ಅಜ್ಜಿ ತಕರಾರು ತೆಗೆದ್ರು. "ಈಗ್ಯಾಕೆ ಬಿಸಿ? ಒಗ್ಗಿಕೊಂಡಿದೆ, ಇನ್ನೆರಡು ದಿನ ಇರಲಿ ಬಿಡಿ." ನಾನು ಇದನ್ನ ಅನುವಾದ ಮಾಡಲಿಲ್ಲ. ಒಂದೇ ಸಲ ಬಿಸಿ ಮಾಡೋ ಹಾಗಿಲ್ಲ, ಫಿಟ್ಸ್ ಬರಬಹುದು. ಗಂಟೆಗೆ ಅರ್ಧ ಡಿಗ್ರಿ, ಅಷ್ಟೇ. ದಿನವೆಲ್ಲ ಗಾಜಿನ ಮುಂದೆ ನಿಂತಿದ್ದೆ. ನಮ್ಮ ಗೋದಾಮಿನಲ್ಲಿ ಆ ಥರ ನಿಧಾನಕ್ಕೆ ಬಿಸಿಯಾಗೋದನ್ನ ಎಷ್ಟು ಸಲ ನೋಡಿಲ್ಲ ನಾನು, ಆದ್ರೆ ಅಲ್ಲಿ ಒಳಗೆ ಏನಿರತ್ತೆ ಅಂತ ಗೊತ್ತಿರತ್ತೆ. ಕೆಟ್ಟಿದ್ರೆ ವಾಸನೇಲೇ ತಿಳಿಯತ್ತೆ. ಇಲ್ಲಿ ಈ ಪುಟ್ಟ ತಲೆಯೊಳಗೆ ಏನು ಉಳಿದಿದೆ, ಏನು ಹೋಗಿದೆ? ಮೇಡಂಗೂ ಗೊತ್ತಿಲ್ಲ. "ಹಾಲು ಎಳೆಯತ್ತಾ ನೋಡೋಣ" ಅಂದ್ರು. "ಎಳೆಯೋದು, ಉಸಿರಾಡೋದು, ನುಂಗೋದು, ಮೂರನ್ನೂ ಒಟ್ಟಿಗೆ ಮಾಡ್ಬೇಕಲ್ಲ. ಅದು ಮಿದುಳಿನ ಮೊದಲನೇ ಪರೀಕ್ಷೆ."

ಮಾರನೇ ದಿನ ಬೆಳಿಗ್ಗೆ ಜಯಾ ಬಂದ್ಲು. ನಡೆಯಕ್ಕೂ ಆಗ್ತಿರಲಿಲ್ಲ. ಪರದೆ ಹಿಂದೆ ಕೂರಿಸಿ ಮಗೂನ ಕೊಟ್ರು. ಪರದೆ ಈಚೆ ನಾನು, ನಿಮ್ಮಜ್ಜಿ. ಜಯಾ ದನಿ ಕೇಳಿಸ್ತಿತ್ತು, "ಪುಟ್ಟಿ, ಬಾರೇ, ಬಾರೇ." ಏನೂ ಆಗ್ತಿಲ್ಲ. ಸಿಸ್ಟರ್ ಮಗೂನ ಗಲ್ಲ ಕೆಣಕ್ತಾರೆ. "ಚೆಲ್ಲಿಹೋಗ್ತಿದೆ" ಅಂದ್ಲು ಜಯಾ. ಹಾಲು ಕಟವಾಯಲ್ಲಿ ಇಳೀತಿತ್ತಂತೆ. ನಿಮ್ಮಜ್ಜಿ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಇಬ್ಬರೂ ಪರದೆ ಮೇಲಿನ ಹೂವಿನ ಚಿತ್ರ ನೋಡ್ತಾ ನಿಂತ್ವಿ. ಎಷ್ಟು ಹೊತ್ತೋ. ಆಮೇಲೆ ಜಯಾ "ಆಯ್!" ಅಂದ್ಲು, ಯಾರೋ ಚಿವುಟಿದ ಹಾಗೆ. ಸಿಸ್ಟರ್ "ಪೀ ರಹೀ ಹೈ, ಪೀ ರಹೀ ಹೈ", ಕುಡೀತಿದಾಳೆ ಅಂತ ನಕ್ಕರು. ನಿಮ್ಮಜ್ಜಿ ಅಲ್ಲೇ ನೆಲದ ಮೇಲೆ ಕೂತುಬಿಟ್ರು. ನಾನು ಅವರನ್ನ ಎಬ್ಬಿಸಕ್ಕೆ ಅಂತ ಬಗ್ಗಿದೆ, ಪಕ್ಕದಲ್ಲೇ ಕೂತೆ.

ಅಷ್ಟಕ್ಕೇ ಮುಗೀಲಿಲ್ಲ. ಮೇಡಂ ಇನ್ನೂ "ನೋಡೋಣ" ಅಂತಲೇ ಇದ್ರು. ಕತ್ತು ನಿಲ್ಲತ್ತಾ ನೋಡೋಣ, ಕೂರತ್ತಾ ನೋಡೋಣ, ನಡೆಯತ್ತಾ ನೋಡೋಣ. ಬೇರೆ ಮಕ್ಕಳು ಬೋರಲು ಬಿದ್ರೆ ಫೋಟೋ ತೆಗೀತಾರೆ, ನಾವು ಠಾಣೆಗೆ ಫೋನ್ ಮಾಡ್ತಿದ್ವಿ. ಎಲ್ಲ ಒಂದೊಂದಾಗಿ ಆಯ್ತು. ಮಾತು ಮಾತ್ರ ಬರಲಿಲ್ಲ. ಮನೇಲಿ ಅಜ್ಜಿ ಬೆಳಗಿಂದ ಸಂಜೆವರೆಗೂ "ಅಮ್ಮ ಅನ್ನು, ಅಜ್ಜಿ ಅನ್ನು, ತಾತ ಅನ್ನು" ಅಂತ ಪಾಠ. ಇವಳು ಸುಮ್ಮನೆ ನೋಡ್ತಾಳೆ. ತಪಾಸಣೆಗೆ ಕರ್ಕೊಂಡು ಹೋದಾಗ ಮೇಡಂ, "ಏನಾದ್ರೂ ಮಾತಾಡ್ತಾಳಾ?" ಅಂದ್ರು. ನಮ್ಮ ಮೂವರ ಮುಖವೂ ಸಣ್ಣಗಾಯ್ತು. "ಒಂದೂ ಇಲ್ಲ" ಅಂದ್ರು ಅಜ್ಜಿ. ಮೇಡಂ ಇವಳ ಕಿವಿ ನೋಡಕ್ಕೆ ಅಂತ ಟಾರ್ಚ್ ಹಿಡ್ಕೊಂಡು ಬಗ್ಗಿದ್ರು. ಇವಳು ಅವರ ಕೈ ತಳ್ಳಿ, ಗಟ್ಟಿಯಾಗಿ, "ನಕೋ!" ಅಂದ್ಲು. ಮೇಡಂ ನಕ್ಕರು ನಕ್ಕರು. ಜಯಾ ಅತ್ಲು. ಅಜ್ಜಿ ಮಾತ್ರ, "ಅದು ಮರಾಠಿ. ಅದನ್ನ ಮಾತು ಅಂತ ಹಿಡೀಬೇಡಿ" ಅಂದ್ರು. ಕೆಳಗಿನ ಮನೆ ಮರಾಠಿ ಮಕ್ಕಳ ಜೊತೆ ದಿನವೂ ಆಡ್ತಿದ್ಲಲ್ಲ, ಬೇಡ ಅನ್ನಕ್ಕೆ ಅಲ್ಲೇ ಕಲಿತಿದ್ಲು. ಮೇಡಂ ಅದನ್ನ ಮಾತು ಅಂತಲೇ ಹಿಡಿದ್ರು. ನಗಬೇಡ ನಿಧೀ, ಆವತ್ತಿಂದ ನೀನು ಆ ಮಾತೊಂದನ್ನ ಬಿಟ್ಟಿಲ್ಲ.

ಆಮೇಲೆ ನಾನು ಇದರ ಬಗ್ಗೆ ಬಹಳ ಓದಿದೆ. ಓದಬಾರದಿತ್ತೇನೋ. ಶ್ರೀಮಂತ ದೇಶಗಳಲ್ಲಿ ಈ ತಣ್ಣಗಿಡೋ ಚಿಕಿತ್ಸೆಯಿಂದ ಒಳ್ಳೇದಾಗತ್ತೆ, ನಮ್ಮಂಥ ದೇಶಗಳಲ್ಲಿ ಅಷ್ಟೇ ಆಗತ್ತಾ ಅಂತ ಡಾಕ್ಟರುಗಳಲ್ಲೇ ಜಗಳ ಇದೆಯಂತೆ. ಒಂದು ಸಲ ಮೇಡಂನ ನೇರವಾಗಿ ಕೇಳೇಬಿಟ್ಟೆ. "ಮೇಡಂ, ನಿಜ ಹೇಳಿ, ನಮ್ಮ ಮಗೂನ ಉಳಿಸಿದ್ದು ಆ ಮೂರು ದಿನವಾ? ಇಲ್ಲಾ ಸುಮ್ಮನೆ ಬಿಟ್ಟಿದ್ರೂ ಹೀಗೇ ಆಗ್ತಿದ್ಲಾ?" ಅವರು ಪೆನ್ನಿನ ಮುಚ್ಚಳ ಹಾಕಿ, "ಗೊತ್ತಿಲ್ಲ. ಇವಳ ವಿಷಯದಲ್ಲಿ ಯಾರಿಗೂ ಯಾವತ್ತೂ ಗೊತ್ತಾಗಲ್ಲ" ಅಂದ್ರು. ಆದ್ರೆ ಉಳಿಸಿದ್ದು ಯಾವುದು ಅಂತ ನಿಮ್ಮಜ್ಜಿಗೆ ಗೊತ್ತು, ನಂಜನಗೂಡಿಗೆ ಹರಕೆ ಹೊತ್ತಿದ್ರಂತೆ. ಮಹಡಿ ಮೇಲಿನ ಶೆಟ್ಟರಿಗೆ ಗೊತ್ತು, ಮಗೂಗೆ ದಿನಾ ತಿನ್ನಿಸಿ ಅಂತ ಅವರು ಹೇಳಿದ್ದ ಬೆಣ್ಣೆ. ನಮ್ಮ ಆಫೀಸಿನೋರಿಗೆಲ್ಲ ಗೊತ್ತು, ನನ್ನ ಕೋಲ್ಡ್ ಸ್ಟೋರೇಜ್ ಅನುಭವ.

ಹೋಗಿ, ಕೆಳಗೆ ನಿಮ್ಮಪ್ಪ ಹಾರ್ನ್ ಹೊಡೀತಿದಾನೆ. ಇಷ್ಟು ನೆನಪಿಟ್ಕೊಳ್ಳಿ, ನಾಳೆ ನಿಮಗೂ ಮಕ್ಕಳಾಗ್ತವೆ. ನನಗೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳೋರ ಕೈಗೆ ಮಗೂನ ಕೊಡಿ. ಎಲ್ಲ ಗೊತ್ತು ಅನ್ನೋರನ್ನ ಹೊರಗೆ ಬೆಂಚಿನ ಮೇಲೆ ಕೂರಿಸಿ, ಚಹಾ ಕೊಡಿ.